ತೂಕ ನಿಂತ ಮಂಡಿ

ಹೇಳಿಬಿಡಲೇ, ಸುಮ್ಮನಿರಲೇ ಎಂದು ಶಿವಮಲ್ಲುವಿನ ಮನಸ್ಸು ತೂಗಾಡುತ್ತಿತ್ತು. ತೆರಕಣಾಂಬಿಯ ಹೂವಿನ ಮಂಡಿಯಲ್ಲಿ ಮಾಲೀಕ ರಾಜಣ್ಣನ ಅಳಿಯ ನಂದೀಶ ಮೌಸಿನ ಮೇಲೆ ಬೆರಳಿಟ್ಟು ಕೂತಿದ್ದ. ಪ್ರೋಗ್ರಾಮುಗಳನ್ನು ಓಡಿಸುವ ಹಳೆಯ ಪೈಥಾನ್ ತೆಗೆದು ಹೊಸದನ್ನು ಹಾಕಲೇ ಎಂದು ಕಂಪ್ಯೂಟರ್ ಕೇಳುತ್ತಿತ್ತು. ಹೂವಿನ ತೂಕ ಹಿಡಿಯುವ ಪ್ರೋಗ್ರಾಮನ್ನು ಶಿವಮಲ್ಲು ಬರೆದದ್ದು ಆ ಹಳೆಯದರಲ್ಲಿ. ಹೊಸದರಲ್ಲಿ ಅದು ಓಡದು. ಪರದೆಯ ಅಡಿಯಲ್ಲಿದ್ದ ಅವನ ಹೆಸರನ್ನು ಅಳಿಸಿ ನಂದೀಶ ತನ್ನದನ್ನು ಹಾಕಿಕೊಂಡಿದ್ದ. ಅಂದಿನಿಂದ ಶಿವಮಲ್ಲುವಿಗೆ ಮೂಟೆ ಎತ್ತುವ ಕೆಲಸ.

"ಒತ್ಬುಡ್ಲೇನ್ಲಾ?" ಎಂದ ನಂದೀಶ.

"ನೀವೇ ಬರ್ದಿರೋದಲ್ವಾ ಅಣ್ಣ, ನಿಮ್ಗೆ ಗೊತ್ತಿಲ್ದೇ ಇರೋದಾ? ಒತ್ತಿ."

ನಂದೀಶ ನಕ್ಕು ಒತ್ತಿದ. ಆಮೇಲೆ ತೂಕದ ಪರದೆ ತೆರೆಯಲೇ ಇಲ್ಲ, ಬರೀ ಕೆಂಪು ಅಕ್ಷರಗಳು ಬಂದವು. ಹೊರಗೆ ಬಿಸಿಲಲ್ಲಿ ಚೆಂಡುಹೂವಿನ ಟೆಂಪೋಗಳು ಹಾರ್ನ್ ಹೊಡೆಯತೊಡಗಿದವು. ರಾಜಣ್ಣ ಒಳಗೆ ಬಂದ. "ನಂದೇ ಕೈಕೆಲ್ಸ ಅಂತಿದ್ರಲ್ಲ ಅಳಿಯಂದ್ರೇ, ಸರಿ ಮಾಡ್ಬುಡಿ ಮತ್ತೆ. ಊವೆಲ್ಲ ಬಾಡೋಯ್ತದೆ."

ನಂದೀಶ ಸಿಕ್ಕಸಿಕ್ಕ ಕೀ ಒತ್ತಿದ. ಕೊನೆಗೆ ಬೆವರಿದ ಮುಖವೆತ್ತಿ ಶಿವಮಲ್ಲುವನ್ನು ನೋಡಿದ. ಆ ನೋಟಕ್ಕಾಗಿ ಇಷ್ಟು ದಿನ ಕಾದಿದ್ದ ಶಿವಮಲ್ಲು ಅದನ್ನು ಕಣ್ತುಂಬ ನೋಡಿ, ಕಿಟಕಿಯತ್ತ ತಿರುಗಿದ.

ಸಾಲಿನ ಮೊದಲ ಟೆಂಪೋದಲ್ಲಿ ಭೀಮನಬೀಡಿನಿಂದ ಬಂದ ಅವನ ಅಕ್ಕ ಪವಿತ್ರ ಇದ್ದಳು. ಕುಡಿಯಲು ತಂದಿದ್ದ ನೀರನ್ನು ತಾನು ಬೆಳೆದ ಹೂವಿನ ಮೇಲೆ ಚಿಮುಕಿಸುತ್ತಿದ್ದಳು.

"ಯಾಕ್ಲಾ ಮಲ್ಲು, ತೂಗಕಿಲ್ವಾ?"

ಹಳೆಯ ಪೈಥಾನನ್ನೇ ಮತ್ತೆ ಹಾಕಿದರೆ ಸಾಕು ಎಂದು ಶಿವಮಲ್ಲು ಆಗಲೂ ಹೇಳಲಿಲ್ಲ.