ನೀರು ಕಂಡದ್ದು

"ಛಲೋ ಆಗೇತ್ರಿ. ಯಾವ ಊರಿನ ಕೆರಿ ಇದು?" ಎಂದು ಗುರುಸಿದ್ದವ್ವ ಕೇಳಿದಳು.

ಬಸಗೊಂಡಪ್ಪ ಮಾಸ್ತರರು ತಾವು ಬರೆದ ಚಿತ್ರವನ್ನು ಅವಳ ಹಾಸಿಗೆಯ ಮುಂದೆ ಹಿಡಿದಿದ್ದರು. ಅದು ಅವಳ ತವರೂರು ಮಮದಾಪುರದ ಕೆರೆ. ಸೊಂಟದ ಎಲುಬು ಮುರಿದು ಹಾಸಿಗೆ ಹಿಡಿದ ಹೆಂಡತಿಗೆ ಅಲ್ಲಿಗೆ ಹೋಗುವ ಬಬಲೇಶ್ವರದಾಚೆಯ ಚಕ್ಕಡಿ ದಾರಿ ಇನ್ನು ಸಾಧ್ಯವಿಲ್ಲವೆಂದು ವೈದ್ಯರು ಹೇಳಿದ್ದರು. ಕೆರೆಯನ್ನು ಒಮ್ಮೆ ನೋಡಬೇಕೆಂಬುದೊಂದೇ ಅವಳ ಆಸೆ. ಅದಕ್ಕಾಗಿಯೇ, ಜೀವನವಿಡೀ ಅಂಕಗಣಿತ ಕಲಿಸಿದ ಮಾಸ್ತರರು ನಿವೃತ್ತಿಯ ನಂತರ ತೈಲಚಿತ್ರ ಕಲಿಯತೊಡಗಿದ್ದರು.

ಇನ್ನೂ ಒಣಗದ ಚಿತ್ರವನ್ನು ಹಿಡಿದುಕೊಂಡು ಅವರು ನೀಲಾಬಾಯಿಯ ಮನೆಗೆ ಹೋದರು. ಮುಂಬಯಿಯಲ್ಲಿ ಚಿತ್ರಕಲೆ ಕಲಿತು ಬಂದು, ವಿಜಾಪುರದ ಹೆಣ್ಣುಮಕ್ಕಳಿಗೂ ಈಗ ಮಾಸ್ತರರಿಗೂ ಕಲಿಸುತ್ತಿದ್ದ ಆಕೆ ಅವರಿಗೆ ಮಗಳ ವಯಸ್ಸಿನವಳು. ಹೊಗಳುವುದರಲ್ಲಿ ಬಹಳ ಜಿಪುಣೆ.

"ಎಲ್ಲಿ ತಪ್ಪೇತಿ ಹೇಳ್ರಿ ಬಾಯಾರ. ದಂಡಿ, ಬೇವಿನ ಗಿಡ, ನೀರಿನ ಮ್ಯಾಲ ಚಾಚಿದ ಹಾಸುಗಲ್ಲು, ಎಲ್ಲಾ ಅಳತಿ ಹಿಡದ ಬರದೇನಿ. ನೀರಾಗಿನ ನೆರಳಂತೂ ಕೈವಾರ ಇಟ್ಟ ಇಳಿಸೇನಿ. ಕೂದಲೆಳಿಯಷ್ಟೂ ಹೆಚ್ಚು ಕಡಿಮಿ ಇಲ್ಲ."

"ಅದ ತಪ್ಪು, ಮಾಸ್ತರ. ನೀರು ನೀವು ನೋಡೇ ಇಲ್ಲ. ಮ್ಯಾಲಿಂದು ತಲಿಕೆಳಗ ಮಾಡಿ ಕಾಪಿ ಹೊಡದೀರಿ. ನಿಮ್ಮ ಸಾಲ್ಯಾಗ ಹುಡುಗೂರು ಹಿಂಗ ಮಾಡಿದ್ರ ಏನ ಮಾಡತಿದ್ರಿ?"

"ಕಿವಿ ಹಿಂಡತಿದ್ದೆ" ಎಂದು ಮಾಸ್ತರರು ಒಪ್ಪಿಕೊಂಡರು.

ನೀಲಾಬಾಯಿ ಅಗಲವಾದ ಪರಾತದಲ್ಲಿ ನೀರು ತುಂಬಿ, ಊಟದ ಮಣೆಯೊಂದನ್ನು ಅದರ ಮೇಲೆ ಚಾಚಿ ಹಿಡಿದಳು. ಮಾಸ್ತರರಿಗೆ ಮಣೆಯ ನುಣುಪಾದ ಹಲಗೆ ಕಂಡಿತು. "ಈಗ ನೀರಾಗ ನೋಡ್ರಿ" ಎಂದಳು. ನೀರಿನಲ್ಲಿ ಆ ಹಲಗೆಯ ಮೇಲ್ಮೈ ಇರಲಿಲ್ಲ. ಅದರ ತಳವಿತ್ತು, ಅಡ್ಡಪಟ್ಟಿಗಳಿದ್ದವು, ಬಡಗಿ ಬಡಿದು ಬಾಗಿಸಲು ಮರೆತ ಒಂದು ಮೊಳೆಯ ತುದಿಯೂ ಇತ್ತು.

"ನೀವು ಮ್ಯಾಲಿಂದ ನೋಡತೀರಿ, ನೀರು ಕೆಳಗಿಂದ ನೋಡತೈತಿ. ಇಬ್ಬರಿಗೂ ಒಂದ ಕಾಣತೈತೇನ್ರಿ?"

ಯುದ್ಧದ ಕಾಲ, ಬಣ್ಣ ಸಿಗುವುದೇ ಕಷ್ಟವಾಗಿತ್ತು. ಆದರೂ ಆಕೆ ಚಿಂದಿಗೆ ಟರ್ಪೆಂಟೈನ್ ಹಚ್ಚಿ, ದಂಡೆಯ ಕೆಳಗಿನ ಅರ್ಧ ಚಿತ್ರವನ್ನು ಒರೆಸಿಯೇಬಿಟ್ಟಳು. "ಗೊತ್ತಿದ್ದದ್ದು ಬರೀಬ್ಯಾಡ್ರಿ. ಕಂಡದ್ದು ಬರಕೊಂಡ ಬರ್ರಿ."

ಮಾಸ್ತರರು ಮತ್ತೆ ಮಮದಾಪುರಕ್ಕೆ ಹೋದರು. ಮೊಣಕಾಲುದ್ದದ ನೀರಿಗೂ ಅಂಜುವವರು. ಒಡ್ಡಿನ ಮೇಲೆಯೇ ಕುಳಿತರು. ಕೈವಾರ ಚೀಲದಲ್ಲಿಯೇ ಉಳಿಯಿತು. ಹಾಸುಗಲ್ಲನ್ನು ಬಿಟ್ಟು, ನೀರಿನಲ್ಲಿದ್ದ ಅದರ ನೆರಳನ್ನಷ್ಟೇ ನೋಡಿದಾಗ, ಕಲ್ಲಿನ ತಳ ಕಪ್ಪಾಗಿ ಕಂಡಿತು. ಆ ಕಪ್ಪಿನೊಳಗೆ ಮಣ್ಣಿನ ಬಣ್ಣದ ಉಂಡೆಗಳ ಸಾಲೊಂದಿತ್ತು. ಅವೇನೆಂದು ಅವರಿಗೆ ತಿಳಿಯಲಿಲ್ಲ. ತಿಳಿಯದ್ದನ್ನು ಬರೆಯಲು ಕೈ ಹಿಂಜರಿಯಿತು. ಆದರೂ ಕಂಡಂತೆ ಬರೆದರು.

ನೀಲಾಬಾಯಿ ಬಹಳ ಹೊತ್ತು ಚಿತ್ರ ನೋಡಿದಳು. ಕುಂಚ ಮುಟ್ಟಲಿಲ್ಲ. "ಒಯ್ದು ನಿಮ್ಮ ಮನಿಯವರಿಗೇ ತೋರಸ್ರಿ" ಎಂದಳು.

ಗುರುಸಿದ್ದವ್ವ ಈ ಸಲ ಊರಿನ ಹೆಸರು ಕೇಳಲಿಲ್ಲ. ಅವಳ ಬೆರಳು ಆಕಾಶವನ್ನು, ಬೇವಿನ ಗಿಡವನ್ನು ದಾಟಿ ಕೆಳಗಿಳಿದು, ನೀರಿನೊಳಗಿನ ಆ ಕಪ್ಪಿನಲ್ಲಿ ನಿಂತಿತು. ಹಸಿ ಬಣ್ಣ ಬೆರಳಿಗೆ ಹತ್ತಿದ್ದೂ ಅವಳಿಗೆ ತಿಳಿಯಲಿಲ್ಲ.

"ಯವ್ವಾ, ಹಕ್ಕಿ ಗೂಡು! ಇನ್ನೂ ಅಲ್ಲೇ ಕಟ್ಟತಾವ! ಕಲ್ಲಿನ ಬುಡಕ ಈಸಿ ಹೋಗಿ, ಮಾರಿ ಮ್ಯಾಲ ಮಾಡಿ ನೋಡತಿದ್ವಿ. ನಾವು ಹುಡುಗ್ಯಾರು ಬಿಟ್ಟರ ಊರಾಗ ಯಾರಿಗೂ ಗೊತ್ತಿರಲಿಲ್ಲ."

ಆಮೇಲೆ ಅವಳು ಚಿತ್ರದಿಂದ ಕಣ್ಣು ತೆಗೆದು, ಗಂಡನನ್ನು ಅಪರಿಚಿತನೆಂಬಂತೆ ನೋಡಿದಳು.

"ನೀರಂದ್ರ ಅಂಜೋರು ನೀವು. ಅಲ್ಲಿತನಾ ಯಾವಾಗ ಈಸಿ ಹೋಗಿದ್ರಿ?"