ಮೂಸಿದ ಹೂವು

ಜನರ ಮೂಗಿಗೆ ವಾಸನೆ ಹತ್ತದೆ ಒಂಬತ್ತು ವರ್ಷವಾಗಿತ್ತು. ಪ್ರತಿ ಸೋಮವಾರ ಊರವರು ಆಸ್ಪತ್ರೆಗೆ ಬಂದು, ಮೂಗಿಗೆ ನಳಿಗೆ ಹಿಡಿದು, ಬಾಯಿ ಮುಚ್ಚಿ ಓಂಕಾರ ಗುನುಗುತ್ತಿದ್ದರು. ಗುನುಗಿದಾಗ ಮೂಗಿನೊಳಗೆ ಹೆಚ್ಚುವ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಎಷ್ಟೆಂದು ಯಂತ್ರ ತೋರಿಸುತ್ತಿತ್ತು. ಅಂಕಿ ಏರಿದರೆ ವಾಸನೆ ಮರಳೀತೆಂಬುದು ಎಲ್ಲರ ಆಸೆ.

ಗುಡಿಗೆ ಹೂ ಕಟ್ಟುವ ನೀಲವ್ವ ಈ ಸಲ ಬಹಳ ಹೊತ್ತು ಗುನುಗಿದಳು.

"ಸಾಕು ಬಿಡಬೇ, ಯಂತ್ರಕ್ಕ ನಿದ್ದಿ ಬರಾಕ್ಹತ್ತೈತಿ," ಎಂದು ನರ್ಸ್ ಗಿರಿಜಾ ನಕ್ಕಳು. ಅಂಕಿ ಕಂಡು ಕಣ್ಣರಳಿಸಿದಳು. "ಹರೇದವರಿಗೂ ಇಷ್ಟ್ ಬಂದಿಲ್ಲ!"

ನೀಲವ್ವ ಪಕ್ಕದಲ್ಲಿಟ್ಟಿದ್ದ ಹೂವಿನ ಬುಟ್ಟಿಯತ್ತ ನೋಡಿದಳು. ದೇವರ ಹೂ ಮೂಸಬಾರದೆಂದು ಐವತ್ತು ವರ್ಷ ಮೋರೆ ತಿರುಗಿಸಿಯೇ ಮಾಲೆ ಕಟ್ಟಿದವಳು ಆಕೆ. ಬುಟ್ಟಿಯಿಂದ ಒಂದು ಮಲ್ಲಿಗೆ ಎತ್ತಿ, "ಶಿವನ, ಇದೊಂದ್ ಸಲ ಹೊಟ್ಯಾಗ ಹಾಕ್ಕೋ," ಎಂದು ಕಣ್ಣು ಮುಚ್ಚಿ ಮೂಗಿಗೆ ಹಿಡಿದಳು.

"ಏನರ ಬಂತೇನಬೇ?"

"ತಣ್ಣಗೈತಿ, ಅಷ್ಟ."

ಗಿರಿಜಾ ಯಂತ್ರದ ಅಂಕಿಯ ಪ್ರಕಾರ ಪುಸ್ತಕದಲ್ಲಿ 'ಆರೋಗ್ಯವಂತೆ' ಎಂದು ಬರೆದಳು. ನೀಲವ್ವ ಹೂವನ್ನು ಮೇಜಿನ ಮೇಲಿಟ್ಟು ಬುಟ್ಟಿ ಎತ್ತಿಕೊಂಡಳು.

"ಅದನ್ನೂ ಮಾಲಿಗೆ ಪೋಣಸಬೇ. ವಾಸನಿ ಬಂದೇ ಇಲ್ಲಲ್ಲ?"

"ಬರಲಿಲ್ಲ ಖರೆ, ಮೂಸೀನಲ್ಲವ್ವಾ," ಎಂದಳು ನೀಲವ್ವ. "ಎಂಜಲಾತು."