ಮಾತು ತಿನ್ನುವ ತೊಟ್ಟಿ

ಬಚ್ಚಲಲ್ಲಿ ಆಡಿದ ಮಾತೆಲ್ಲ ನೀರಿಗೆ ಅಂಟಿಕೊಂಡೇ ಮೋರಿ ಸೇರುತ್ತಿತ್ತು. ಹಾಗೇ ಬಿಟ್ಟರೆ ನದಿ ಅದನ್ನು ಒಂದಕ್ಷರ ಬಿಡದೆ ಕೆಳಗಿನೂರಿನ ದಂಡೆಯಲ್ಲಿ ಒಪ್ಪಿಸಿಬಿಡುತ್ತಿತ್ತು. ಅದಕ್ಕೇ ಊರಾಚೆಯ ಶುದ್ಧೀಕರಣ ಘಟಕ, ಅದಕ್ಕೊಬ್ಬಳು ಸಾಂವಕ್ಕ. ಬೈಗುಳಗಳು ಕೂದಲು, ಪ್ಲಾಸ್ಟಿಕ್ಕಿನ ಜೊತೆ ಜಾಲರಿಗೇ ಸಿಕ್ಕಿಕೊಳ್ಳುತ್ತಿದ್ದವು. ನೀರಲ್ಲಿ ಕರಗಿದ ಚಾಡಿಯನ್ನು ಮಾತ್ರ ತೊಟ್ಟಿಯ ಸೂಕ್ಷ್ಮಾಣುಗಳೇ ತಿನ್ನಬೇಕು. ಅವಕ್ಕೆ ಗಾಳಿ ಊದಲು ಒಂದು ಮಷಿನ್ನು. ಕೊನೆಗೆ ಒಂದು ಲೋಟ ನೀರನ್ನು ಕಿವಿಗೆ ಹಿಡಿದು, ಸದ್ದಿಲ್ಲದಿದ್ದರೆ ಸಾಂವಕ್ಕ ಗೇಟು ತೆರೆಯುತ್ತಿದ್ದಳು.

ಅಂದು ಪಂಚಾಯ್ತಿ ಅಧ್ಯಕ್ಷ ಫಕೀರಗೌಡ ಬಂದ. "ನಿನ್ನ ಮಷಿನ್ ಸಪ್ಪಳಕ್ಕ ಮಧ್ಯಾಹ್ನದ ನಿದ್ದಿ ಹಾಳಾಗೇತಿ. ಬಂದ್ ಮಾಡು, ನೀರು ಸೀದಾ ಹೊಳಿಗೆ ಬಿಡು."

ಸಾಂವಕ್ಕ ಆಗಷ್ಟೇ ಬಂದ ಕೊಳೆನೀರನ್ನು ತಂಬಿಗೆಯಲ್ಲಿ ಮೊಗೆದು ಅವನ ಕಿವಿಗೆ ಹಿಡಿದಳು. ಅವನದೇ ದನಿ: "ನಮ್ಮತ್ತಿ ಮಾಡಿದ ಹೋಳಿಗಿ ಅಂದ್ರ ಚಪ್ಪಲಿ ಅಟ್ಟಿ!"

"ಹೊಳಿ ದಂಡಿಗೆ ಮುಂದಿನ ಊರು ಯಾವ್ದ್ರಿ ಗೌಡ್ರ?"

"ನಮ್ಮತ್ತೀದು." ಗೌಡ ಬೆವರೊರೆಸಿಕೊಂಡ. "ಮಷಿನ್ ಜೋರ್ ಮಾಡವ್ವಾ!"

ಸಾಂವಕ್ಕ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾಳೆಂದು ಸುದ್ದಿ ಹಬ್ಬಿತು. ಮರುದಿನದಿಂದ ಬಚ್ಚಲುಗಳಿಂದ ಬರೀ ಭಜನೆ ಹರಿದುಬಂತು. ಚಾಡಿಯಿಲ್ಲದೆ ಸೂಕ್ಷ್ಮಾಣುಗಳು ಸೊರಗಿದವು. ಅವು ಸತ್ತರೆ ಊರಿನ ಉಳಿದ ಹೊಲಸನ್ನು ತಿನ್ನುವವರಾರು? ಎಂಟನೆಯ ದಿನ ಸಾಂವಕ್ಕ ಸೆರಗು ಸಿಕ್ಕಿಸಿಕೊಂಡು ತೊಟ್ಟಿಯ ಕಟ್ಟೆ ಮೇಲೆ ಕೂತು, ನೀರಿನತ್ತ ಬಾಗಿದಳು.

"ಬರ್ರಿ ನನ್ನ ಕೂಸುಗಳ್ರಾ, ಉಣ್ಣಾಕ ಬರ್ರಿ. ಗೌಡ್ರ ಮನಿ ಸುದ್ದಿ ಹೇಳ್ತೀನಿ."